ಎಡಗಡೆಯ ಕುರ್ಚಿ

ಅವರ ಮನೆಯ ಹಿಂದೆ ಖಾಲಿ ಬಾಟಲಿಗಳ ಗೋದಾಮು ಇತ್ತು. ಬೆಳಕು ಹರಿಯುವ ಮೊದಲೇ ಅಲ್ಲಿ ಬಾಟಲಿಗಳನ್ನು ಬಣ್ಣ ನೋಡಿ, ಗಾತ್ರ ನೋಡಿ, ಪೆಟ್ಟಿಗೆಗಳಿಗೆ ಇಳಿಸುವ ಸದ್ದು ಶುರುವಾಗುತ್ತಿತ್ತು. ದಪ್ಪ ಗಾಜಿಗೊಂದು ದನಿ, ತೆಳು ಗಾಜಿಗೊಂದು ದನಿ. ನಡುವೆ ಯಾವುದೋ ಒಂದು ಕೈಜಾರಿ ಒಡೆದರೆ ಎಲ್ಲರೂ ಒಂದು ಗಳಿಗೆ ಉಸಿರು ಹಿಡಿದ ಹಾಗೆ ಸುಮ್ಮನಾಗಿ, ಮತ್ತೆ ಶುರು ಹಚ್ಚಿಕೊಳ್ಳುತ್ತಿದ್ದರು.

"ಶುರುವಾಯ್ತು ನೋಡು ಕಛೇರಿ. ಟಿಕೆಟ್ಟೂ ಬೇಡ, ಏನೂ ಬೇಡ," ಎಂದು ಅಮ್ಮ ಮಂಚದ ಮೇಲಿಂದಲೇ ಗೊಣಗುತ್ತಿದ್ದಳು.

ಅಮ್ಮ ಬಚ್ಚಲಲ್ಲಿ ಬಿದ್ದು ಸೊಂಟ ಮುರಿದುಕೊಂಡ ಮೇಲೆ ಮಂಚ ಇಳಿದವಳಲ್ಲ. ಆದರೆ ನಾಲಿಗೆಗೆ ಏನೂ ಪೆಟ್ಟಾಗಿರಲಿಲ್ಲ. ಕಿಟಕಿ ತೆಗೆ ಅಂದ ಬಾಯಿ ಮುಚ್ಚುವುದರೊಳಗೆ ಕಿಟಕಿ ಮುಚ್ಚು ಅನ್ನುತ್ತಿತ್ತು. ದಿಂಬು ಎತ್ತರವಾಯಿತು, ತಗ್ಗಾಯಿತು, ನೀರು ಸುಟ್ಟಿತು, ನೀರು ತಣ್ಣಗಾಯಿತು. ಇದಕ್ಕೆಲ್ಲ ಸೇರಿ ಮನೆಯಲ್ಲಿ ಒಂದೇ ಹೆಸರು, 'ಅಮ್ಮನ ಕಾಟ'. ಆ ಹೆಸರಿಟ್ಟವಳೂ ಅಮ್ಮನೇ.

"ನನ್ನ ಕಾಟ ಸಾಕಾಗಿದ್ರೆ ಹೇಳಿಬಿಡ್ರೇ, ಹೊರಟುಹೋಗ್ತೀನಿ."

"ಹೇಗೆ ಹೋಗ್ತೀಯಮ್ಮ? ನಿನ್ನ ಚಪ್ಪಲಿ ನಾನು ಬಚ್ಚಿಟ್ಟಿದೀನಿ," ಎಂದು ಚಿಕ್ಕ ಮಗಳು ಅನ್ನುವಳು. ಮೂವರೂ ನಗುವರು. ಅಮ್ಮ ನಕ್ಕರೆ ಸೊಂಟ ನೋಯುತ್ತಿತ್ತು, ಅದಕ್ಕೂ ಮಕ್ಕಳಿಗೇ ಬೈಗುಳ.

ದೊಡ್ಡವಳನ್ನು ಬೀದಿಯವರೆಲ್ಲ ಇಸ್ತ್ರಿಯಕ್ಕ ಎನ್ನುತ್ತಿದ್ದರು. ಅಪ್ಪ ತೀರಿಕೊಂಡ ವರ್ಷ ಓದು ಬಿಟ್ಟು, ಮೂಲೆಯ ಡ್ರೈಕ್ಲೀನಿಂಗ್ ಅಂಗಡಿಯಲ್ಲಿ ಇಸ್ತ್ರಿ ಮೇಜಿನ ಮುಂದೆ ನಿಂತವಳು ಅಲ್ಲೇ ನಿಂತುಬಿಟ್ಟಿದ್ದಳು. ಮದುವೆಯ ಮಾತು ಒಂದೆರಡು ಸಲ ಹೊಸ್ತಿಲವರೆಗೆ ಬಂದು, ಒಳಗೆ ಬರಲು ಮನಸ್ಸಾಗದೆ ಹೊರಟುಹೋಗಿತ್ತು. ಹಬೆ ಇಸ್ತ್ರಿಯ ಮುಂದೆ ನಿಂತೂ ನಿಂತೂ ಅವಳ ಬಲಗೈ ಬೆರಳ ತುದಿಗಳು ಬಿಸಿಯನ್ನು ಬಿಸಿ ಎಂದು ಒಪ್ಪಿಕೊಳ್ಳುವುದನ್ನೇ ಬಿಟ್ಟಿದ್ದವು. ಇನ್ನೊಂದು ಅಭ್ಯಾಸವೂ ಅಂಟಿಕೊಂಡಿತ್ತು. ಯಾರಾದರೂ ಪಕ್ಕದಲ್ಲಿ ಕೂತರೆ ಅವಳ ಕೈ ಸುಮ್ಮನಿರುತ್ತಿರಲಿಲ್ಲ. ಕಾಲರು ಸರಿ ಮಾಡಬೇಕು, ಮಡಚಿದ ಅಂಚು ಬಿಡಿಸಬೇಕು. ಒಮ್ಮೆ ಬಸ್ಸಿನಲ್ಲಿ ಗುರುತಿಲ್ಲದ ಒಬ್ಬ ದೊಡ್ಡ ಮನುಷ್ಯರ ಭುಜದ ಮೇಲಿಂದ ದಾರದ ಎಳೆ ತೆಗೆದು, ಅವರು ತಿರುಗಿ ನೋಡಿದಾಗ ಆ ಎಳೆಯನ್ನೇ ತೋರಿಸಿ, "ನಿಮ್ಮದೇ," ಎಂದು ವಾಪಸು ಕೊಟ್ಟಿದ್ದಳಂತೆ. ತಂಗಿ ಈ ಕಥೆಯನ್ನು ಸಿಕ್ಕಸಿಕ್ಕವರಿಗೆಲ್ಲ ಹೇಳುತ್ತಿದ್ದಳು.

ತಂಗಿ ಪೇಟೆಯ ದೊಡ್ಡ ಮಳಿಗೆಯೊಳಗಿನ ಕನ್ನಡಕದ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ಚಿಕ್ಕಂದಿನಲ್ಲಿ ಒಂದು ಕಡೆ ನಿಲ್ಲದೆ ಹಾರಾಡುತ್ತಿದ್ದಳೆಂದು ಅಕ್ಕ ಇಟ್ಟ ಹೆಸರು ಮಿಡತೆ. ಆ ಹೆಸರಿನಿಂದ ಅವಳನ್ನು ಕರೆಯುತ್ತಿದ್ದದ್ದು ಅಕ್ಕ ಒಬ್ಬಳೇ.

ಒಂದು ದಿನ ಡ್ರೈಕ್ಲೀನಿಂಗ್ ಅಂಗಡಿಗೆ ಒಬ್ಬ ಮನುಷ್ಯ ಬಂದ. ಸಂಗೀತ ಸಭಾಂಗಣದ ಪರದೆಗಳಿಗೆ ಇಸ್ತ್ರಿ ಆಗಬೇಕಿತ್ತು. ಮಾತಿಗೆ ಮಾತು ಬೆಳೆದು ತಿಳಿದದ್ದೇನೆಂದರೆ, ಅಲ್ಲಿ ಒಂದು ಸಂಗೀತ ಕಾರ್ಯಕ್ರಮವನ್ನು ವಿಆರ್‌ಗಾಗಿ ಚಿತ್ರಿಸುತ್ತಾರೆ. ತಲೆಗೊಂದು ಕಪ್ಪು ಡಬ್ಬಿ ಕಟ್ಟಿಕೊಂಡರೆ ಸಾಕು, ಎಲ್ಲಿದ್ದವರಾದರೂ ಆ ಸಭಾಂಗಣದ ಕುರ್ಚಿಯಲ್ಲೇ ಕೂತಂತೆ. ತಲೆ ತಿರುಗಿಸಿದ ಕಡೆಗೆಲ್ಲ ಸಭಾಂಗಣ. ಆದರೆ ಖಾಲಿ ಸಭಾಂಗಣದಲ್ಲಿ ಯಾರಿಗೆ ಕೂರಲು ಮನಸ್ಸಾಗುತ್ತದೆ? ಅದಕ್ಕೇ ಕುರ್ಚಿ ತುಂಬಲು ಜನ ಬೇಕು. ಜನ ಹೊಂದಿಸುವುದೇ ಆತನ ಕೆಲಸ. ಆತ ಅತ್ತ ಹೋಗುತ್ತಲೇ ಅಂಗಡಿಯ ಹುಡುಗಿಯರು 'ಸೀಟು ಸಾಹೇಬ' ಎಂದು ಹೆಸರಿಟ್ಟರು.

"ನಮ್ಮವರನ್ನೇ ಕರ್ಕೊಂಡು ಹೋಗಿ. ಹಾಡು ಅರ್ಥವಾಗದೇ ಇದ್ರೂ ಬಟ್ಟೆ ಸುಕ್ಕಿರಲ್ಲ, ಅದಕ್ಕೆ ನಾನು ಜವಾಬ್ದಾರಿ," ಎಂದಿದ್ದರು ಅಂಗಡಿಯ ಯಜಮಾನರು.

ಇಸ್ತ್ರಿಯಕ್ಕ ಬರುವುದಿಲ್ಲ ಎಂದಳು. ಮನೆಗೆ ಬಂದು ಆ ಮಾತು ಹೇಳಿದ್ದೇ ತಪ್ಪಾಯಿತು.

"ನೀನು ಕೊನೇ ಸಲ ಹೊರಗೆ ಹೋಗಿದ್ದು ಯಾವಾಗಕ್ಕ?" ಎಂದಳು ತಂಗಿ.

"ನಿನ್ನೆ. ಬೆಂಕಿಪೊಟ್ಟಣ ತರೋಕೆ."

"ನಾನು ಅರ್ಧ ದಿನ ರಜಾ ಹಾಕ್ತೀನಿ. ನೀನು ಹೋಗು."

"ಅಮ್ಮನ್ನ ನೀನೊಬ್ಬಳೇ ಹೊರಳಿಸೋಕಾಗಲ್ಲ ಕಣೇ."

"ಹೋಗೇ, ಹೋಗು," ಎಂದಳು ಮಂಚದಿಂದ ಅಮ್ಮ. "ನಿನ್ನ ಮುಖ ನೋಡೀ ನೋಡೀ ನನಗೂ ಸಾಕಾಗಿದೆ. ಒಂದು ಸಾಯಂಕಾಲ ಇವಳ ಮುಖ ನೋಡ್ತೀನಿ."

ಹೀಗೆ ಇಬ್ಬರೂ ಸೇರಿ ಅವಳನ್ನು ಹೊರಡಿಸಿದರು.

ಸಭಾಂಗಣದ ಬಾಗಿಲಲ್ಲೇ ಎಲ್ಲರ ಮೊಬೈಲುಗಳನ್ನು ಬಟ್ಟೆಯ ಚೀಲಗಳಿಗೆ ಹಾಕಿ ಕಟ್ಟಿ ತೆಗೆದಿಟ್ಟುಕೊಂಡರು. ಗುಂಯ್ ಅಂದರೂ ಸದ್ದು ಸೇರಿಬಿಡುತ್ತದಂತೆ. ಇಸ್ತ್ರಿಯಕ್ಕನಿಗೆ ಸಿಕ್ಕಿದ್ದು ಮುಂದಿನ ಸಾಲು. ಅವಳ ಬಲಗಡೆಯ ಕುರ್ಚಿಯಲ್ಲಿ ಮನುಷ್ಯರಿರಲಿಲ್ಲ. ಒಂದು ಕಂಬಿಯ ಮೇಲೆ ಮನುಷ್ಯರ ತಲೆಯಷ್ಟೇ ಗಾತ್ರದ ಕಪ್ಪು ಗುಂಡು, ಅದರ ಸುತ್ತಲೂ ಕಣ್ಣುಗಳು, ಎರಡು ಬದಿಗೆ ರಬ್ಬರಿನ ಎರಡು ಕಿವಿ. ಥೇಟ್ ಮನುಷ್ಯರ ಕಿವಿಗಳೇ, ಹಾಲೆ ಸಮೇತ.

"ಇದನ್ನ ಕ್ಯಾಮೆರಾ ಅಂದ್ಕೋಬೇಡಿ," ಎಂದ ಸೀಟು ಸಾಹೇಬ. "ನಿಮ್ಮ ಜೊತೆ ಬಂದಿರೋ ನಿಮ್ಮವರು ಅಂದ್ಕೊಳ್ಳಿ. ಗೆಳತಿನೋ ತಂಗಿನೋ. ಆಗಾಗ ತಿರುಗಿ ನೋಡಿ, ನಗಿ, ಬೇಕಾದ್ರೆ ಒಂದು ಮಾತೂ ಆಡಿ. ಮನೇಲಿ ಕೂತು ನೋಡೋರಿಗೆ ನಾನು ಒಬ್ಬಂಟಿ ಅನ್ನಿಸಬಾರದು, ಅಷ್ಟೇ."

ಆ ಗುಂಡಿನ ಇನ್ನೊಂದು ಪಕ್ಕದಲ್ಲಿ ಕೂತಿದ್ದ ಅಂಗಡಿಯ ಹುಡುಗಿ ಕೊನೆಯವರೆಗೂ ಫೋಟೋ ತೆಗೆಸಿಕೊಳ್ಳುವವಳ ಹಾಗೆ ಸೆಟೆದುಕೊಂಡೇ ಇದ್ದಳು. ಇಸ್ತ್ರಿಯಕ್ಕನಿಗೆ ಅದೆಲ್ಲ ಬರುವುದಿಲ್ಲ. ತಂಗಿ ಎಂದರೆ ತಂಗಿಯೇ. ಸಭಾಂಗಣ ಫ್ರಿಜ್ಜಿನ ಒಳಗಿದ್ದಷ್ಟು ತಣ್ಣಗಿತ್ತು. ತನ್ನ ಶಾಲಿನ ಅರ್ಧವನ್ನು ಆ ಕಂಬಿಗೆ ಹೊದಿಸಿದಳು. ಕತ್ತಲಿಂದ ಒಬ್ಬ ಓಡಿಬಂದು, "ಅಯ್ಯೋ, ಕಣ್ಣು ಮುಚ್ಚಿಬಿಟ್ರಲ್ಲ ಮೇಡಂ!" ಎಂದು ತೆಗೆದು ಹೋದ.

ಹಾಡುಗಾರ್ತಿ ನಡುವಯಸ್ಸಿನವಳು. ಮೊದಲ ಹಾಡನ್ನು ತೀರ ತಗ್ಗಿನಲ್ಲಿ, ಮನೆಯಲ್ಲಿ ಕೆಲಸ ಮಾಡುತ್ತ ಹಾಡಿಕೊಳ್ಳುವವರಂತೆ ಹಿಡಿದಳು. ಎರಡನೆಯದರಲ್ಲಿ ದನಿ ಬಿಚ್ಚಿದಳು. ಆ ದನಿ ಬಂದು ಎದೆಗೆ ತಾಗಿದಾಗ ಇಸ್ತ್ರಿಯಕ್ಕನಿಗೆ ತನ್ನ ಕೈಗಳು ಖಾಲಿ ಇವೆ ಎನ್ನುವುದು ನೆನಪಾಯಿತು. ಎಷ್ಟು ಕಾಲವಾಗಿತ್ತು ಅವು ಹಾಗೆ ಮಡಿಲಲ್ಲಿ ಬಿದ್ದುಕೊಂಡು. ಹಾಡು ಮುಗಿಯುತ್ತ ಬಂದು, ಪಿಟೀಲು ಒಂದೇ ಉಳಿದು, ಅದೂ ಸಣ್ಣಗಾಗುತ್ತಿತ್ತು. ಇಂಥದ್ದನ್ನು ಒಬ್ಬಳೇ ಕೇಳುವುದುಂಟೇ. ಅವಳು ವಾಚು ಕಟ್ಟಿದ ಕೈಯನ್ನು ಪಕ್ಕದ ಕುರ್ಚಿಯ ಮೇಲೂರಿ, ರಬ್ಬರಿನ ಕಿವಿಯ ಹತ್ತಿರ ಬಾಗಿ ಪಿಸುಗುಟ್ಟಿದಳು:

"ಮಿಡ್ತೆ, ಇವತ್ತೊಂದಿನ ಅಮ್ಮನ ಕಾಟ ಇಲ್ಲ ನೋಡು. ಹಾಯಾಗಿದೆ ಅಲ್ವಾ?"

ಮನೆಗೆ ಬರುವಾಗ ಮೆಟ್ಟಿಲ ಮೇಲೆ ಅದೇ ಹಾಡನ್ನು ಗುನುಗುತ್ತಿದ್ದಳು. ಬಾಗಿಲಲ್ಲಿ ಅಕ್ಕಪಕ್ಕದವರ ಚಪ್ಪಲಿಗಳು ರಾಶಿ ಬಿದ್ದಿದ್ದವು. ಗುನುಗುವುದು ತಕ್ಷಣ ನಿಲ್ಲಲಿಲ್ಲ. ಒಳಗೆ ಎರಡು ಹೆಜ್ಜೆ ಇಟ್ಟ ಮೇಲೆ ನಿಂತಿತು.

ತಂಗಿ ಮಂಚದ ತುದಿಯಲ್ಲಿ ಅಮ್ಮನ ಪಾದ ಹಿಡಿದುಕೊಂಡು ಕೂತಿದ್ದಳು.

"ಎಷ್ಟು ಸಲ ಫೋನ್ ಮಾಡಿದೆ ಅಕ್ಕ," ಎಂದಳು.

ಅದು ಬೈಗುಳವಾಗಿರಲಿಲ್ಲ. ಅವಳು ಸುಮ್ಮನೆ ಹೇಳಿದಳು, ಹೊರಗೆ ಬಿಸಿಲಿದೆ ಎಂದು ಹೇಳುವ ಹಾಗೆ. ಅಮ್ಮನಿಗೆ ಇದ್ದಕ್ಕಿದ್ದಂತೆ ಉಸಿರು ಸಿಕ್ಕಿಹಾಕಿಕೊಂಡಿತು. ಆಂಬುಲೆನ್ಸಿಗೆ ಹೇಳಿ, ಅಕ್ಕನಿಗೆ ಮಾಡಿ, ಮನೆಯೊಳಗೆ ಸಿಗ್ನಲ್ ಸರಿ ಇಲ್ಲವೇನೋ ಎಂದು ಬಾಲ್ಕನಿಗೆ ಹೋಗಿ ಮತ್ತೆ ಮಾಡಿ, ಮತ್ತೆ ಮಾಡಿ, ತಿರುಗಿ ಬಂದು ನೋಡಿದರೆ ಅಮ್ಮ ಇರಲಿಲ್ಲ. ಯಾವ ಗಳಿಗೆಯಲ್ಲಿ ಹೋದಳು ಎನ್ನುವುದು ತಂಗಿಗೆ ತಿಳಿಯಲಿಲ್ಲ. ಇಷ್ಟನ್ನು ಆವತ್ತು ಹೇಳಿದವಳು ಆಮೇಲೆ ಅದರ ಸುದ್ದಿ ಎತ್ತಲಿಲ್ಲ. ಅಕ್ಕನೂ ಎತ್ತಲಿಲ್ಲ. ಮಂಚ ಮಡಚಿ ಗೋಡೆಗೆ ಒರಗಿಸಿದರು. ಆ ಜಾಗದಲ್ಲಿ ಇಬ್ಬರೂ ಬಹಳ ದಿನ ಹೆಜ್ಜೆ ಇಡದೆ ಸುತ್ತಿ ಓಡಾಡಿದರು, ಮಂಚ ಇನ್ನೂ ಅಲ್ಲೇ ಇದೆಯೇನೋ ಎಂಬಂತೆ.

ತಾನು ಪಿಸುಗುಟ್ಟಿದ ಮಾತು ಇಸ್ತ್ರಿಯಕ್ಕನಿಗೆ ಮರೆತೇ ಹೋಗಿತ್ತು. ಮನೆಯಲ್ಲಿ ದಿನಕ್ಕೆ ಹತ್ತು ಸಲ ಆಡುವ ಮಾತನ್ನು ಯಾರು ನೆನಪಿಟ್ಟುಕೊಳ್ಳುತ್ತಾರೆ.

ನೆನಪಿಸಿದವರು ಕಾಲೇಜು ಹುಡುಗಿಯರು. ಒಂದು ಮಧ್ಯಾಹ್ನ ಮೂವರು ಕೋಟುಗಳನ್ನು ತೊಳೆಯಲು ಹಾಕುವ ನೆಪದಲ್ಲಿ ಅಂಗಡಿಗೆ ಬಂದು, ಒಬ್ಬರ ಮುಖ ಒಬ್ಬರು ನೋಡಿಕೊಂಡು, ಕಿಸಿಕಿಸಿ ನಗುತ್ತ ನಿಂತರು.

"ಆಂಟಿ, ನೀವೇ ಅಲ್ವಾ? ಎಡಗಡೆ ಸೀಟಿನ ಆಂಟಿ?"

"ಯಾವ ಸೀಟಮ್ಮ?"

"ವಿಆರ್ ಸಂಗೀತದಲ್ಲಿ! ನಮ್ಮ ಹಾಸ್ಟೆಲ್‌ನಲ್ಲಿ ಎಲ್ರೂ ನಿಮ್ಮ ಅಭಿಮಾನಿಗಳು ಆಂಟಿ. ಮನೆ ನೆನಪಾದಾಗ ಅದನ್ನೇ ಹಾಕ್ಕೊಂಡು ಕೂರ್ತೀವಿ. ಒಂದ್ಸಲ ಹೇಳಿ ಆಂಟಿ, ಪ್ಲೀಸ್."

"ಏನು ಹೇಳ್ಲಿ?"

ಮೂವರೂ ಒಟ್ಟಿಗೆ, ದನಿ ತಗ್ಗಿಸಿ, ಅವಳದೇ ರಾಗದಲ್ಲಿ ಹೇಳಿದರು: "ಮಿಡ್ತೆ, ಇವತ್ತೊಂದಿನ ಅಮ್ಮನ ಕಾಟ ಇಲ್ಲ ನೋಡು."

ಮೇಜಿನ ಮೇಲಿದ್ದ ಬಿಳಿ ಅಂಗಿಯ ಮೇಲೆ ಇಸ್ತ್ರಿ ನಿಂತೇಬಿಟ್ಟಿತು. ಅಷ್ಟು ವರ್ಷಗಳಲ್ಲಿ ಅವಳು ಸುಟ್ಟ ಮೊದಲ ಬಟ್ಟೆ ಅದು.

ಹುಡುಗಿಯರಿಗೆ ಏನು ಗೊತ್ತು. ಪರೀಕ್ಷೆ ಮುಗಿದ ದಿನ, ವಾರ್ಡನ್ ರಜಾ ಹಾಕಿದ ದಿನ, ಹಾಸ್ಟೆಲ್ಲಿನಲ್ಲಿ ಈಗ ಇದೇ ಮಾತಂತೆ. ವಾರ್ಡನ್‌ಗೇ ಅಮ್ಮ ಎಂದು ಹೆಸರಾಗಿದೆಯಂತೆ. ಅವರು ಹೋಗುವಾಗ ಒಬ್ಬಳು ಹಿಂದೆ ಉಳಿದು, "ನನಗೆ ಅಕ್ಕ ಇಲ್ಲ ಆಂಟಿ. ನೀವು ಮಿಡ್ತೆ ಅಂದಾಗ ನನ್ನನ್ನೇ ಕರೆದ ಹಾಗಾಗುತ್ತೆ," ಎಂದು ಹೇಳಿ ಓಡಿಹೋದಳು.

ಆವತ್ತಿನಿಂದ ಇಸ್ತ್ರಿಯಕ್ಕನ ಬದುಕಿನಲ್ಲಿ ಉಳಿದದ್ದು ಒಂದೇ ಕೆಲಸ. ಈ ಮಾತು ತಂಗಿಯ ಕಿವಿಗೆ ಬೀಳಬಾರದು. ಊರಿಗೆಲ್ಲ ಕೇಳಲಿ, ಅವಳಿಗೊಬ್ಬಳಿಗೆ ಕೇಳಬಾರದು. ತಂಗಿ ಬಾಲ್ಕನಿಯಲ್ಲಿ ನಿಂತು ಫೋನು ಹಚ್ಚುತ್ತಿದ್ದ ಹೊತ್ತಿನಲ್ಲಿ ಅಕ್ಕ ನಗುನಗುತ್ತ ಈ ಮಾತನ್ನು ಆಡುತ್ತಿದ್ದಳು ಎನ್ನುವುದು ಗೊತ್ತಾಗಬಾರದು.

ಅರ್ಧ ದಿನ ರಜಾ ಕೇಳಿಕೊಂಡು ಸೀಟು ಸಾಹೇಬನ ಕಚೇರಿ ಹುಡುಕಿಕೊಂಡು ಹೋದಳು. ಆತ ಒಳ್ಳೆಯವನೇ. ಎದ್ದು ಬಂದು ಕೂರಿಸಿದ, ಚಹಾ ತರಿಸಿದ.

"ಅದೊಂದು ಮಾತು ತೆಗೆದುಬಿಡಿ ಸಾರ್. ಬೇಕಾದ್ರೆ ನನ್ನನ್ನೇ ತೆಗೆದುಬಿಡಿ. ಕುರ್ಚಿ ಖಾಲಿ ಇರ್ಲಿ."

"ಹೇಗೆ ತೆಗೀಲಮ್ಮ? ನಿಮ್ಮ ಮಾತಿನ ಕೆಳಗೆ ಪಿಟೀಲು ಇದೆ. ಹಾಲಿಗೆ ಹಾಕಿದ ಸಕ್ಕರೆ ಅದು, ಬೇರೆ ಮಾಡೋಕೆ ಬರಲ್ಲ. ಹಾಡಿದವರೂ ಕೇಳಿ ಒಪ್ಪಿದಾರೆ. ಇದ್ರಿಂದಾನೇ ಇದಕ್ಕೆ ಜೀವ ಬಂತು ಅಂದ್ರು. ಮತ್ತೆ, ಇದು ಈಗ ಎಲ್ಲೆಲ್ಲಿಗೆ ಹೋಗಿದೆಯೋ ನನಗೂ ಗೊತ್ತಿಲ್ಲ." ಆಮೇಲೆ ಸಮಾಧಾನಕ್ಕೆಂಬಂತೆ, "ನೀವು ನೋಡೇ ಇಲ್ಲ ಅಲ್ವಾ? ಒಂದು ಸಲ ನೋಡಿ. ಹೆದರ್ತಿದೀರಿ ಅಷ್ಟೇ," ಎಂದು ಕಪ್ಪು ಡಬ್ಬಿಯನ್ನು ಅವಳ ತಲೆಗೆ ಕಟ್ಟಿದ.

ಒಂದು ಗಳಿಗೆ ಕತ್ತಲು. ಆಮೇಲೆ ಸಭಾಂಗಣ. ಅದೇ ತಣ್ಣಗಿನ ಕತ್ತಲೆ, ಅದೇ ಕೆಂಪು ಪರದೆ, ಅವಳೇ ಇಸ್ತ್ರಿ ಹಾಕಿದ್ದ ಅಂಚು. ಕೆಳಗೆ ನೋಡಿಕೊಂಡಳು. ತನಗೆ ಮೈ ಇರಲಿಲ್ಲ. ಮಡಿಲಿರಬೇಕಾದ ಜಾಗದಲ್ಲಿ ಬರೀ ಕುರ್ಚಿ. ಎಡಕ್ಕೆ ತಿರುಗಿದಳು.

ಅಲ್ಲಿ ಅವಳು ಕೂತಿದ್ದಳು. ಕನ್ನಡಿಯಲ್ಲಿ ನೋಡಿಕೊಂಡ ಮುಖವಲ್ಲ. ಕನ್ನಡಿಯ ಮುಖಕ್ಕೆ ಯಾವಾಗಲೂ ಬಾಚಣಿಗೆಯ ಅವಸರ. ಇದು ಬೇರೆ. ಹಾಡು ಕೇಳುತ್ತ ಬಾಯಿ ಸ್ವಲ್ಪ ತೆರೆದಿತ್ತು. ಆ ಹೆಂಗಸು ತಿರುಗಿ ಇವಳನ್ನು ನೋಡಿದಳು, ನಕ್ಕಳು. ತನ್ನನ್ನು ಯಾರಾದರೂ ಹೀಗೆ ನೋಡಿದ್ದು ಇಸ್ತ್ರಿಯಕ್ಕನಿಗೆ ನೆನಪಿರಲಿಲ್ಲ. ತಂಗಿಯನ್ನು ತಾನು ನೋಡುವುದು ಹೀಗೆ ಎನ್ನುವುದೂ ಗೊತ್ತಿರಲಿಲ್ಲ. ಪಿಟೀಲು ಸಣ್ಣಗಾಗತೊಡಗಿತು. ಆ ಹೆಂಗಸು ಹತ್ತಿರಕ್ಕೆ, ಇನ್ನೂ ಹತ್ತಿರಕ್ಕೆ ಬಾಗಿದಳು.

"ಎದ್ದು ಮನೆಗೆ ಹೋಗೇ!" ಎಂದು ಇಸ್ತ್ರಿಯಕ್ಕ ಕೂಗಿದಳು. "ಹೋಗೇ, ಮೊದಲು ಮನೆಗೆ ಹೋಗು!"

ಆ ಹೆಂಗಸು ಕೇಳಿಸಿಕೊಳ್ಳಲಿಲ್ಲ. ಬೆಚ್ಚಗಿನ ದನಿಯಲ್ಲಿ ತನ್ನ ಮಾತು ಆಡಿ ಮುಗಿಸಿ, ಮತ್ತೆ ವೇದಿಕೆಯ ಕಡೆ ತಿರುಗಿ ಕೂತಳು.

ಡಬ್ಬಿ ಕಿತ್ತು ತೆಗೆದಾಗ ಕಚೇರಿಯವರೆಲ್ಲ ಎದ್ದು ನಿಂತಿದ್ದರು. ಸೀಟು ಸಾಹೇಬ ನೀರಿನ ಲೋಟ ಹಿಡಿದಿದ್ದ. ಬಾಗಿಲವರೆಗೆ ಬಂದು ಮೆಲ್ಲಗೆ ಹೇಳಿದ, "ಒಂದು ದಾರಿ ಇದೆ ನೋಡಿ. ನೋಡೋರು ಸೀಟು ಆರಿಸ್ಕೋಬಹುದು. ಮುಂದಿನ ಸಾಲು ಒಂದು, ಬಾಲ್ಕನಿ ಒಂದು. ಬಾಲ್ಕನಿಯಿಂದ ನೋಡಿದ್ರೆ ನೀವು ಬರೀ ಒಂದು ತಲೆ. ಮಾತೂ ಕೇಳಲ್ಲ."

ಇದಕ್ಕಿಂತ ದೊಡ್ಡದು ಅವಳಿಗೆ ಸಿಗಲಿಲ್ಲ. ಇದನ್ನೇ ಗಂಟು ಕಟ್ಟಿಕೊಂಡು ಬಂದಳು.

ತಾನೇ ಬಾಯಿ ಬಿಟ್ಟು ಹೇಳಿಬಿಟ್ಟರೆ ಹೇಗೆ ಎಂದೂ ಅನ್ನಿಸದೆ ಇರಲಿಲ್ಲ. ಒಂದು ಸಲ ಊಟಕ್ಕೆ ಕೂತಾಗ, "ನಾನು ನಿನಗೊಂದು ಹೇಳ್ಬೇಕಿತ್ತು," ಎಂದು ಶುರು ಮಾಡಿದಳು. ತಂಗಿ ತುತ್ತು ಕೆಳಗಿಟ್ಟು ಮುಖ ನೋಡಿದಳು. ಅದೇ ಅಮ್ಮನ ಹುಬ್ಬು, ಒಂದು ಮೇಲೆ, ಒಂದು ಕೆಳಗೆ. "ಉಪ್ಪು ಕಮ್ಮಿ ಆಗಿದೆ," ಎಂದುಬಿಟ್ಟಳು ಅಕ್ಕ. ಇನ್ನೊಂದು ಸಲ ಬಟ್ಟೆ ಮಡಚುತ್ತ ಬಾಯಿ ತೆರೆದಳು. ಆಗ ತಂಗಿಯೇ, ತಿರುಗದೆ, "ಅಕ್ಕ, ಅಮ್ಮಂಗೆ ಆವತ್ತು ನಾನು ಬಾಲ್ಕನಿಗೆ ಹೋಗಿದ್ದು ಗೊತ್ತಾಗಿರುತ್ತಾ?" ಎಂದು ಕೇಳಿದಳು. ಅಕ್ಕ "ಇಲ್ಲ ಕಣೇ," ಎಂದು, ಮಡಚಿದ್ದನ್ನೇ ಬಿಚ್ಚಿ ಮತ್ತೆ ಮಡಚಿದಳು.

ಕೊನೆಗೆ ಆದದ್ದು ಹೀಗೆ. ಕನ್ನಡಕದ ಅಂಗಡಿಯ ಎದುರಿಗೇ ವಿಆರ್ ಮಳಿಗೆ ತೆರೆದರು. ಕನ್ನಡಕ ಹಾಕುವವರಿಗೆ ಆ ಡಬ್ಬಿ ಸರಿಯಾಗಿ ಕೂರುವುದಿಲ್ಲ. ಅದಕ್ಕೆಂದು ಡಬ್ಬಿಯೊಳಗೆ ಸಿಕ್ಕಿಸುವ ಚಿಕ್ಕ ಮಸೂರಗಳನ್ನು ತಂಗಿಯ ಅಂಗಡಿಯಿಂದಲೇ ಮಾಡಿಸಿದರು. ಬಿಡುವಾದಾಗ ಬಂದು ಯಾವುದು ಬೇಕೋ ಅದನ್ನು ನೋಡಿ ಎಂದು ಮಳಿಗೆಯ ಹುಡುಗಿ ಕರೆದಳಂತೆ.

"ನಿನ್ನದೇ ನೋಡ್ತೀನಿ ಅಂದೆ," ಎಂದಳು ತಂಗಿ, ಬಾಗಿಲಲ್ಲಿ ಚಪ್ಪಲಿ ಬಿಡುತ್ತ. "ಅವಳಿಗೆ ನಂಬಿಕೇನೇ ಇಲ್ಲ, ನೀನು ನನ್ನ ಅಕ್ಕ ಅಂದ್ರೆ. ನೀನೂ ಬಾ. ಪಕ್ಕಪಕ್ಕದಲ್ಲಿ ನಿಲ್ಲಿಸಿ ತೋರಿಸ್ಬೇಕು."

"ಅದೇನು ಮಹಾ. ತಲೆ ಸುತ್ತುತ್ತಂತೆ."

"ಸುತ್ತಲಿ. ನನ್ನ ತಲೆ ತಾನೇ?"

"ಹಂಗಾದ್ರೆ ಬಾಲ್ಕನಿ ತಗೋ. ಮೇಲಿಂದ ನೋಡಿದ್ರೆ ಎಲ್ಲಾ ಚೆನ್ನಾಗಿ ಕಾಣುತ್ತಂತೆ. ಮುಂದೆ ಕೂತ್ರೆ ಕತ್ತು ನೋಯುತ್ತೆ."

ತಂಗಿ ನಕ್ಕಳು. "ನಿನ್ನ ಪಕ್ಕ ಕೂರೋದು ಬಿಟ್ಟು ಮೇಲೆ ಹೋಗಿ ಕೂರ್ಲಾ? ನಿನಗೆಲ್ಲೋ ತಲೆ ಕೆಟ್ಟಿದೆ ಅಕ್ಕ."

ಆಮೇಲೆ ಇಸ್ತ್ರಿಯಕ್ಕ ಒಂದು ವಾರ ಏನೇನೋ ನೆಪ ಹೂಡಿದಳು. ಅಂಗಡಿಯಲ್ಲಿ ಕೆಲಸ ಎಂದಳು, ತಲೆನೋವು ಎಂದಳು. ಸುಳ್ಳು ಹೇಳಿ ಅಭ್ಯಾಸವಿಲ್ಲದವಳು, ತಲೆನೋವೆಂದು ಹೇಳಿ ಹೊಟ್ಟೆ ಹಿಡಿದುಕೊಂಡಿದ್ದಳು.

"ನೀನು ಬರದಿದ್ರೆ ನಾನೊಬ್ಬಳೇ ನೋಡ್ತೀನಿ ಬಿಡು," ಎಂದಳು ತಂಗಿ. ಅದು ಇನ್ನೂ ಭಯವಾಗಿತ್ತು. ಇಸ್ತ್ರಿಯಕ್ಕ ಯಜಮಾನರಿಗೆ ಹೇಳಿ, ಅರ್ಧ ಮುಗಿದ ಪರದೆಯನ್ನು ಮೇಜಿನ ಮೇಲೇ ಬಿಟ್ಟು ಹೊರಟಳು.

ವಿಆರ್ ಮಳಿಗೆಯಲ್ಲಿ ನಾಲ್ಕು ಸುತ್ತುವ ಕುರ್ಚಿಗಳು. ಎರಡರಲ್ಲಿ ಜನ ಇದ್ದರು. ಒಬ್ಬಾತ ಯಾರಿಗೋ ಚಪ್ಪಾಳೆ ತಟ್ಟುತ್ತಿದ್ದ, ಇನ್ನೊಬ್ಬಳು ಬಾಯಿ ತೆರೆದು ಮೇಲಿನ ಫ್ಯಾನಿನ ಕಡೆ ನೋಡುತ್ತಿದ್ದಳು. ಮಳಿಗೆಯ ಹುಡುಗಿ ಇಸ್ತ್ರಿಯಕ್ಕನನ್ನು ನೋಡಿ ಕೈಯಿಂದ ಬಾಯಿ ಮುಚ್ಚಿಕೊಂಡಳು. "ಅಯ್ಯೋ, ನಿಜವಾಗ್ಲೂ ನೀವೇ!" ಎಂದವಳು, "ನೀವೂ ನೋಡ್ತೀರಾ ಮೇಡಂ?" ಎಂದಳು.

"ಬೇಡಮ್ಮ. ನಾನು ಇಲ್ಲೇ ನಿಂತಿರ್ತೀನಿ."

ತಂಗಿ ಕುರ್ಚಿಯಲ್ಲಿ ಕೂತು, ಡಬ್ಬಿಯನ್ನು ಕೈಯಲ್ಲಿ ತಿರುಗಿಸಿ, "ಇದರ ಪವರ್ ಎಷ್ಟು? ಎಡಗಣ್ಣಿನ ಮಸೂರ ಓರೆಯಾಗಿದೆಯಲ್ರೀ," ಎಂದು ಅಂಗಡಿಯ ಗತ್ತಿನಲ್ಲಿ ಬೈದು ಸರಿ ಮಾಡಿ ಹಾಕಿಕೊಂಡಳು.

ಅಕ್ಕನಿಗೆ ಈಗ ಕಾಣುತ್ತಿದ್ದದ್ದು ಅವಳ ಬಾಯಿ, ಗಲ್ಲ, ಮತ್ತು ಕೈಗಳು. ಒಳಗಿನ ಹಾಡು ಹೊರಗೆ ಒಂದಿಷ್ಟೂ ಬರುತ್ತಿರಲಿಲ್ಲ. ಹಾಡಿದ್ದೆಷ್ಟು, ಉಳಿದದ್ದೆಷ್ಟು ಎಂದು ಆ ಬಾಯಿಯನ್ನು ನೋಡಿಯೇ ತಿಳಿಯಬೇಕು.

ತಂಗಿ ಎಡಕ್ಕೆ ತಿರುಗಿದಳು. ಇಸ್ತ್ರಿಯಕ್ಕ ನಿಂತಿದ್ದದ್ದು ಬಲಕ್ಕೆ.

"ಅಕ್ಕಾ! ಎಷ್ಟು ಚೆನ್ನಾಗಿ ಕಾಣ್ತೀಯೇ!" ಎಂದು ತಂಗಿ ಗೋಡೆಗೆ ಹೇಳಿದಳು. ಕಿವಿ ಮುಚ್ಚಿದ್ದರಿಂದ ಮಳಿಗೆಯವರೆಲ್ಲ ಕೇಳುವಷ್ಟು ಜೋರಾಗಿ. "ಅಯ್ಯೋ, ಶಾಲು ಹೊದಿಸೋಕೆ ಬರ್ತಿದಾಳೆ ನೋಡಿ ನನಗೆ!"

ಮಳಿಗೆಯ ಹುಡುಗಿ ನಕ್ಕಳು. ಇಸ್ತ್ರಿಯಕ್ಕನೂ ನಗಲು ಹೋದಳು, ಆಗಲಿಲ್ಲ.

ಮೊದಲ ಹಾಡು ಮುಗಿದಿರಬೇಕು, ತಂಗಿ ಚಪ್ಪಾಳೆ ತಟ್ಟಿದಳು. ಆಮೇಲೆ ಸುಮ್ಮನೆ ಕೂತಳು. ದನಿ ಬಿಚ್ಚಿದಾಗ ಅವಳ ಗಲ್ಲ ತಾನಾಗಿ ಮೇಲೆದ್ದಿತು. ಈಗ ಏರುತ್ತಿದೆ. ಈಗ ಇಳಿಯುತ್ತಿದೆ. ಈಗ ಪಿಟೀಲು ಒಂದೇ. ಇಸ್ತ್ರಿಯಕ್ಕ ಒಂದು ಹೆಜ್ಜೆ ಮುಂದಿಟ್ಟಳು. ಡಬ್ಬಿಯನ್ನು ಕಿತ್ತುಬಿಟ್ಟರೆ? ಕರೆಂಟು ಹೋಯಿತು ಎಂದರೆ?

"ಮುಟ್ಟಬೇಡಿ ಮೇಡಂ," ಎಂದು ಹುಡುಗಿ ತೋಳು ಹಿಡಿದಳು. "ಒಳಗಿರೋರಿಗೆ ಗಾಬರಿಯಾಗುತ್ತೆ. ಒಬ್ರು ಹಿಂಗೇ ಬಿದ್ದು ಹಲ್ಲು ಮುರ್ಕೊಂಡ್ರು."

ತಂಗಿ ಮತ್ತೆ ಗೋಡೆಯ ಕಡೆ ಬಾಗಿದಳು, ಗುಟ್ಟು ಕೇಳಿಸಿಕೊಳ್ಳುವವರ ಹಾಗೆ. ಬಾಯಿ ಅರಳಿತು. ನಕ್ಕೂಬಿಟ್ಟಳು, ಮನೆಯಲ್ಲಿ ನಗುವ ನಗೆ. "ಹೂಂ," ಎಂದಳು, ಮೆಲ್ಲಗೆ.

ಆಮೇಲೆ ಆ ನಗೆ ಬಾಯಲ್ಲೇ ಉಳಿದು, ಅಲ್ಲೇ ಹಳೆಯದಾಯಿತು. ಅವಳ ಎಡಗೈ ಮೇಲೆದ್ದು ಗಾಳಿಯಲ್ಲಿ ತಡವರಿಸಿತು. ಏನನ್ನೋ ಹಿಡಿಯಲು, ಏನನ್ನೋ ಸರಿಸಲು. ಗೋಡೆಗೆ ಬೆರಳು ತಾಗಿ ಹಿಂದಕ್ಕೆ ಬಂತು. ಮತ್ತೆ ಹೋಯಿತು. ಅಲ್ಲಿ ಹೋಗಿ ಆ ಕೈಗೆ ತನ್ನ ಕೈ ಕೊಡಬೇಕೆಂದು ಇಸ್ತ್ರಿಯಕ್ಕನಿಗೆ ಜೀವವೆಲ್ಲ ಎಳೆಯಿತು. ಹುಡುಗಿ ತೋಳು ಬಿಟ್ಟಿರಲಿಲ್ಲ. ಬಿಟ್ಟಿದ್ದರೂ, ಆ ಕೈ ಹುಡುಕುತ್ತಿದ್ದದ್ದು ಇವಳನ್ನಲ್ಲ.

ತಂಗಿ ನಡುವೆ ಏಳಲಿಲ್ಲ. ಕೊನೆಯ ಹಾಡಿನವರೆಗೂ ಕೂತಳು. ಡಬ್ಬಿಯೊಳಗೆ ಎಲ್ಲರೂ ಚಪ್ಪಾಳೆ ತಟ್ಟಿರಬೇಕು, ತಾನೂ ತಟ್ಟಿದಳು. ಡಬ್ಬಿ ತೆಗೆದಾಗ ಹಣೆಯ ಮೇಲೆ, ಕೆನ್ನೆಯ ಮೇಲೆ ಕೆಂಪು ಗೆರೆ ಬಿದ್ದಿತ್ತು. ಹುಡುಗಿಗೆ ಥ್ಯಾಂಕ್ಸ್ ಹೇಳಿ ಹೊರಗೆ ಬಂದು, ತನ್ನ ಅಂಗಡಿಯ ಗಾಜಿನ ಬಾಗಿಲ ಮುಂದೆ ನಿಂತಳು. ಒಳಗೆ ಸಾಲು ಸಾಲು ಕನ್ನಡಕಗಳು ಯಾರನ್ನೂ ನೋಡದೆ ನೋಡುತ್ತಿದ್ದವು.

"ತುಂಬ ಒಳ್ಳೇ ಹಾಡು," ಎಂದಳು.

"ಮಿಡ್ತೆ..."

"ನಾನೇ ಅಲ್ವಾ ಅದು? ಅಲ್ಲಿ ಕರೆದಿದ್ದು."

"ನೀನೇ. ನಿನ್ನನ್ನೇ ಅಂದ್ಕೊಂಡು..."

"ಗೊತ್ತಾಯ್ತು," ಎಂದಳು ತಂಗಿ. ತಪ್ಪು ಮಾಡಿದವಳು ತಾನೆಂಬಂತೆ ತಲೆ ತಗ್ಗಿಸಿ, "ಆಮೇಲೆ ನಿನ್ನ ವಾಚು ಕಾಣ್ತು. ಕೈ ಕುರ್ಚಿ ಮೇಲಿಟ್ಟಿದ್ದೆಯಲ್ಲ. ಗಂಟೆ ಎಷ್ಟು ಅಂತ ನೋಡೋಣ ಅಂದ್ಕೊಂಡೆ. ನಾನು ಫೋನ್ ಮಾಡಿದ್ದೆಲ್ಲ ನನ್ನ ಮೊಬೈಲ್‌ನಲ್ಲಿ ಇನ್ನೂ ಇದೆ. ಅಳಿಸಿಲ್ಲ. ನೀನು ಹಂಗೆ ಅಂದಾಗ ಅಮ್ಮ ಇದ್ದಳೋ, ಆಗಲೇ..." ಎಂದಳು.

"ಕಾಣ್ತಾ?"

"ಇಲ್ಲ. ನಿನ್ನ ಬಟ್ಟೆ ತೋಳಿನ ಅಂಚು ಅಡ್ಡ ಇತ್ತು. ಸರಿಸೋಕೆ ಹೋದೆ. ಕೈಗೇ ಸಿಗಲ್ಲ ಅಲ್ವಾ ಅದು. ಮರೆತೇ ಹೋಗಿತ್ತು."

ಅಂಗಡಿಯೊಳಗಿಂದ ಯಾರೋ ತಂಗಿಯನ್ನು ಕರೆದರು. ಅವಳು ಬಂದೆ ಎಂದು ಕೈ ಮಾಡಿದಳು.

"ನಾಳೆ ಮತ್ತೆ ನೋಡ್ತೀನಿ ಅಕ್ಕ. ಚಪ್ಪಾಳೆ ತಟ್ಟೋವಾಗ ತೋಳು ಸ್ವಲ್ಪ ಮೇಲೆ ಹೋಗಿರುತ್ತೆ. ಇವತ್ತು ನಾನು ವೇದಿಕೆ ಕಡೆ ನೋಡ್ತಿದ್ದೆ. ನಾಳೆ ನಿನ್ನನ್ನೇ ನೋಡ್ತಿರ್ತೀನಿ."

"ಗಂಟೆ ತಿಳ್ಕೊಂಡು ಏನು ಮಾಡ್ತೀಯೇ?"

"ಏನೂ ಮಾಡಲ್ಲ," ಎಂದಳು ತಂಗಿ.

ಅವಳ ಕಾಲರು ಒಂದು ಕಡೆ ಒಳಕ್ಕೆ ಮಡಚಿಕೊಂಡಿತ್ತು. ಇ‌ಸ್ತ್ರಿಯಕ್ಕನಿಗೆ ಅದು ಕಾಣುತ್ತಿತ್ತು. ಕೈ ಮೇಲೇಳಲಿಲ್ಲ. 'ಅಮ್ಮನ ಕಾಟ' ಅನ್ನುವುದು ಅಮ್ಮನೇ ಇಟ್ಟ ಹೆಸರಲ್ಲವೇ, ನಾವು ಮೂವರೂ ನಗುತ್ತಿದ್ದ ಮಾತಲ್ಲವೇ ಎಂದು ಹೇಳಬೇಕಿತ್ತು. ತಂಗಿಗೆ ಅದು ಗೊತ್ತಿಲ್ಲದ್ದಲ್ಲ. ಗೊತ್ತಿದ್ದೂ ಅವಳು ನಾಳೆ ಬಂದು ಕೂರುತ್ತಾಳೆ, ನಾಡಿದ್ದೂ ಕೂರುತ್ತಾಳೆ. ಅಲ್ಲಿ ಎಡಗಡೆಯಲ್ಲಿ ಕೂತವಳು ಪ್ರತಿ ಸಲವೂ ಅಷ್ಟೇ ಪ್ರೀತಿಯಿಂದ ಬಾಗುತ್ತಾಳೆ.

"ನೋಡು, ಪರದೆ ಮೇಜಿನ ಮೇಲೇ ಬಿಟ್ಟು ಬಂದಿದೀನಿ, ಯಜಮಾನರು ಕಾಯ್ತಿರ್ತಾರೆ," ಎಂದು ಇಸ್ತ್ರಿಯಕ್ಕ ಮೆಟ್ಟಿಲುಗಳ ಕಡೆ ತಿರುಗಿದಳು. "ಆದ್ರೆ ನಾನು ಏನು ಹೇಳ್ಬೇಕು ಅಂತಿದ್ದೆ ಅಂದ್ರೆ, ಆವತ್ತು ಆ ಚೀಲದೊಳಗೆ ಫೋನು ಹಾಕೋ ಮೊದಲು ನಾನು ಒಂದ್ಸಲ ನಿನಗೆ ಮಾಡ್ಬೇಕು ಅಂತಾನೇ ಕೈಯಲ್ಲಿ ಹಿಡ್ಕೊಂಡು, ಆಮೇಲೆ ಹಿಂದಿದ್ದೋರು ಬೇಗ ಬೇಗ ಅಂದ್ರಲ್ಲ, ಅದಕ್ಕೆ ನಾನು..." ಎನ್ನುತ್ತ, ತಂಗಿಗೆ ಕೇಳುತ್ತಿದೆಯೋ ಇಲ್ಲವೋ ನೋಡದೆ, ಇಳಿದು ನಡೆದುಬಿಟ್ಟಳು.